ನಾನ್-ಫಿಕ್ಷನ್ ಪೇಪರ್: ಮಕ್ಕಳು ಉಪಮೆ ಹುಡುಕ್ತಾರೆ, ಬರೆದವರ ಮಾತು ಕೇಳಿಸ್ಕೊಳ್ಳಲ್ಲ

ಹೊಳೆದಂಡೆ

ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠ ಮಾಡುವ ಕನ್ನಡದವರು ಇಲ್ಲಿ ನಾಲ್ಕಾರು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ನನ್ನದು ಇಯರ್ 11 (15-16 ವಯಸ್ಸಿನವರು), ನಡುವಿನ ಸೆಟ್ ಅಂದರೆ ಮಧ್ಯಮ ಮಟ್ಟದ ಗುಂಪು, 28 ಮಕ್ಕಳು. ಪರೀಕ್ಷೆ ನಡೆಸುವ ಬೋರ್ಡ್ ಎಕ್ಯೂಎ. ಮಾಕ್ ಪರೀಕ್ಷೆಯ (ಅಸಲಿ ಪರೀಕ್ಷೆಗೆ ಮುಂಚಿನ ಅಭ್ಯಾಸದ್ದು) ಪೇಪರ್ 2 ತಿದ್ದಿ ಮುಗಿಸಿ ಎರಡು ದಿನ ಆಯ್ತು, ತಲೆಯಿಂದ ಮಾತ್ರ ಇಳಿದಿಲ್ಲ.

ಈ ಪೇಪರಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಅವಧಿ 1 ಗಂಟೆ 45 ನಿಮಿಷ, ಅಂಕ 80, ಜಿಸಿಎಸ್‌ಇ ಇಂಗ್ಲಿಷ್ ಲ್ಯಾಂಗ್ವೇಜಿನ (16ರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಅರ್ಧ ತೂಕ ಇದರದ್ದೇ. ಮಕ್ಕಳು ಮೊದಲು ಕಂಡಿರದ ಎರಡು ಬರಹ ಕೊಡ್ತಾರೆ. ಒಂದು 19ನೇ ಶತಮಾನದ್ದು, ಇನ್ನೊಂದು 20 ಅಥವಾ 21ನೇ ಶತಮಾನದ್ದು. ಕತೆಯಲ್ಲ, ಪತ್ರ, ದಿನಚರಿ, ಪ್ರವಾಸದ ಬರಹ, ಪತ್ರಿಕೆ ಲೇಖನ, ಆತ್ಮಕತೆಯ ತುಣುಕು ಇಂಥವು. ಅವುಗಳ ಮೇಲೆ ನಾಲ್ಕು ಪ್ರಶ್ನೆ, 40 ಅಂಕ. ಐದನೇದು ಸ್ವಂತ ಬರವಣಿಗೆ, ಅದಕ್ಕೂ 40.

ನನ್ನ ಸಂಕಟ ನಾಲ್ಕನೇ ಪ್ರಶ್ನೆಯದು. 16 ಅಂಕ. ಇಬ್ಬರು ಲೇಖಕರ ನಿಲುವು ಏನು, ಅದನ್ನ ನಮಗೆ ಹೇಗೆ ಮುಟ್ಟಿಸ್ತಾರೆ ಅಂತ ಹೋಲಿಸಬೇಕು. ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರೆದದ್ದರ ಸಾರ ಇಷ್ಟು: "ಲೇಖಕರು ಉಪಮೆ ಬಳಸಿದ್ದಾರೆ. ಇದು ಓದುಗರ ಮನಸ್ಸಲ್ಲಿ ಚಿತ್ರ ಮೂಡಿಸುತ್ತದೆ. ಎರಡನೇ ಲೇಖಕಿ ರೂಲ್ ಆಫ್ ಥ್ರೀ (ಮೂರು ಪದ ಸಾಲಾಗಿ ಜೋಡಿಸೋದು) ಬಳಸಿದ್ದಾರೆ. ಇದು ಓದುಗರನ್ನು ಮುಂದೆ ಓದುವಂತೆ ಮಾಡುತ್ತದೆ." ಆ ಲೇಖಕರಿಗೆ ಸಿಟ್ಟು ಬಂದಿತ್ತಾ, ಸಂಕಟ ಆಗಿತ್ತಾ, ಯಾರನ್ನ ಒಲಿಸೋಕೆ ಹೊರಟಿದ್ರು, ಒಂದು ಮಾತೂ ಇಲ್ಲ. ಈ ವಾಕ್ಯಗಳನ್ನ ಯಾವ ಬರಹಕ್ಕೆ ಬೇಕಾದರೂ ಅಂಟಿಸಬಹುದು. ಇಯರ್ 7ರಿಂದ ನಾವೇ ಗಿಳಿಪಾಠ ಮಾಡಿಸಿದ್ದರ ಫಲ ಇದು. ಪರೀಕ್ಷೆಗೆ ಹತ್ತು ವಾರ ಇದೆ. ಎಲ್ಲಿಂದ ಬಿಚ್ಚಲಿ?

ಹಳೇಪೆನ್ಸಿಲ್

ಹೊಳೆದಂಡೆ ಮೇಡಂ, ಮೊದಲು ಹೈಲೈಟರ್ ಕಿತ್ತಿಟ್ಟುಕೊಳ್ಳಿ. ತಮಾಷೆ ಅಲ್ಲ. ಕೈಯಲ್ಲಿ ಹೈಲೈಟರ್ ಇದ್ದರೆ ಮಗು ಓದೋದಿಲ್ಲ, ಬೇಟೆಗೆ ಇಳಿಯುತ್ತೆ. ಹಳದಿ ಬಣ್ಣ ಬಳಿದದ್ದೆಲ್ಲ ಅರ್ಥವಾಯ್ತು ಅಂತ ಅಂದುಕೊಳ್ಳುತ್ತೆ.

ನಾನು ಮಾಡೋದು ಹೀಗೆ. ಬರಹವನ್ನ ನಾನೇ ಗಟ್ಟಿಯಾಗಿ ಓದ್ತೀನಿ, ಒಮ್ಮೆ ಪೂರ್ತಿ, ನಡುವೆ ಎಲ್ಲೂ ನಿಲ್ಲಿಸದೆ. ಆಮೇಲೆ ಕೇಳೋದು ಒಂದೇ ಪ್ರಶ್ನೆ: "ಇವರಿಗೆ ಏನಾಗಿದೆ?" ವೈದ್ಯರು ರೋಗಿಯ ಮುಖ ನೋಡಿ ಕೇಳ್ತಾರಲ್ಲ, ಹಾಗೆ. ಉತ್ತರ ಒಂದು ವಾಕ್ಯ ಮಾತ್ರ, ಬರವಣಿಗೆ ಇಲ್ಲ, ಬಾಯಲ್ಲಿ. ಎರಡನೇ ಸಲ ಅವರೇ ಓದ್ತಾರೆ, ಪ್ರತಿ ಪ್ಯಾರಾ ಪಕ್ಕದ ಅಂಚಿನಲ್ಲಿ ಪೆನ್ಸಿಲಲ್ಲಿ ಒಂದೇ ಪದ ಬರೀತಾರೆ, ಆ ಪ್ಯಾರಾದಲ್ಲಿ ಲೇಖಕರ ಮನಸ್ಸು ಹೇಗಿದೆ ಅಂತ. ಕುತೂಹಲ, ಕುತೂಹಲ, ಗಾಬರಿ, ನಾಚಿಕೆ. ಈ ನಾಲ್ಕು ಪದ ಮೇಲಿಂದ ಕೆಳಗೆ ನೋಡಿದಾಗ ಎಲ್ಲಿ ಮನಸ್ಸು ತಿರುಗಿತು ಅನ್ನೋದು ಕಣ್ಣಿಗೇ ಕಾಣುತ್ತೆ. ಅಲ್ಲಿಗೆ ಹೋಗಿ ಕೇಳಿ: ಯಾವ ಪದ ನೋಡಿ ನಿನಗೆ ಹಾಗನ್ನಿಸ್ತು? ಮಗು ಬೆರಳಿಟ್ಟು ತೋರಿಸೋ ಪದವೇ ಉದ್ಧರಣೆ. ಅದು ಉಪಮೆಯೋ ಕ್ರಿಯಾಪದವೋ ಆಮೇಲಿನ ಮಾತು. ಹೆಸರು ಗೊತ್ತಿಲ್ಲದಿದ್ದರೂ ಏನೂ ಮುಳುಗಿಹೋಗಲ್ಲ.

ಕೆಂಪುಶಾಯಿ

ಐದು ಬೇಸಿಗೆ ಈ ಪೇಪರ್ ಮೌಲ್ಯಮಾಪನ ಮಾಡಿದ್ದೀನಿ, ಪೆನ್ಸಿಲ್ ಸರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಾರ್ಕ್ ಸ್ಕೀಮ್ ಅನ್ನೇ ನೋಡಿ. ಕೆಳಗಿನ ಹಂತದಲ್ಲಿ "ಸಿಂಪಲ್, ಲಿಮಿಟೆಡ್", ಮೂರನೇ ಹಂತದಲ್ಲಿ "ಕ್ಲಿಯರ್, ರೆಲೆವಂಟ್", ಮೇಲಿನದರಲ್ಲಿ "ಪರ್ಸೆಪ್ಟಿವ್, ಡೀಟೇಲ್ಡ್". ಎಷ್ಟು ಅಲಂಕಾರ ಗುರುತಿಸಿದರು ಅಂತ ಎಣಿಸೋ ಹಂತ ಎಲ್ಲೂ ಇಲ್ಲ. "ಪರ್ಸೆಪ್ಟಿವ್" ಅಂದರೆ ಏನು ಅಂತ ಮಕ್ಕಳು ಕೇಳಿದರೆ ನಾನು ಹೇಳೋದು: ಲೇಖಕರು ಬಾಯಿ ಬಿಟ್ಟು ಹೇಳದೇ ಇದ್ದದ್ದು ನಿನಗೆ ಕೇಳಿಸಿತಾ?

ನಾನು ಪರದೆಯ ಮೇಲೆ ನೋಡುವ ಉತ್ತರಗಳಲ್ಲಿ ಜಾಣ ಮಕ್ಕಳೂ ಅಂಕ ಕಳ್ಕೊಳ್ಳೋ ಜಾಗ ಬೇರೆ. ಎರಡನೇ ಪ್ರಶ್ನೆಗೂ ನಾಲ್ಕನೇದಕ್ಕೂ ವ್ಯತ್ಯಾಸವೇ ಅವರಿಗೆ ತಿಳಿದಿಲ್ಲ. ಎರಡನೇದು 8 ಅಂಕದ ಸಾರಾಂಶ. ಎರಡೂ ಬರಹದಿಂದ ಸಂಗತಿ ಹೆಕ್ಕಿ, ಅದರಿಂದ ಏನು ಊಹಿಸಬಹುದು ಅಂತ ಹೇಳಿದರೆ ಮುಗೀತು. ಅಲ್ಲಿ ಭಾಷೆಯ ವಿಶ್ಲೇಷಣೆಗೆ ಅಂಕವೇ ಇಲ್ಲ. ಆದರೂ "ಈ ವಿಶೇಷಣ ಬಳಸಿ ಲೇಖಕರು..." ಅಂತ ಶುರು ಮಾಡಿ ಒಂದು ಪುಟ ತುಂಬಿಸ್ತಾರೆ. ಚಂದದ ವಿಶ್ಲೇಷಣೆ ಇರುತ್ತೆ, ಓದಿ ಖುಷಿಪಡ್ತೀನಿ, ಕೊಡೋಕೆ ಅಂಕ ಇರಲ್ಲ. ಹೊಟ್ಟೆ ಉರಿಯುತ್ತೆ. ಮೂರನೇ ಪ್ರಶ್ನೆಯಲ್ಲಿ ಅದೇ ವಿಶ್ಲೇಷಣೆಗೆ 12 ಅಂಕ ಕಾದಿರುತ್ತೆ, ಅಷ್ಟರಲ್ಲಿ ಸಮಯ ಮುಗಿದಿರುತ್ತೆ.

ಮಾವಿನಕೊಪ್ಪ

ನಾ ಕಲಿಸೂದು ಕಾಲೇಜಿನ್ಯಾಗ, ರೀಸಿಟ್ ಹುಡುಗರಿಗೆ. 16 ವರ್ಷಕ್ಕ ಗ್ರೇಡ್ 4 (ಪಾಸಿನ ಮಟ್ಟ) ಬರದಿದ್ರ ಮುಂದ ಏನ ಕೋರ್ಸ್ ತಗೊಂಡ್ರೂ ಇಂಗ್ಲಿಷ್ ಬಿಡೂ ಹಂಗಿಲ್ಲ, ಇದು ಇಲ್ಲಿನ ನಿಯಮ. ಪ್ಲಂಬಿಂಗ್ ಕಲಿಯಾಕ ಬಂದ ಹುಡುಗ, ಕೂದಲ ಕತ್ತರಸೂದು ಕಲಿಯಾಕ ಬಂದ ಹುಡುಗಿ, ಎಲ್ಲಾರೂ ನವೆಂಬರದಾಗ ಇಲ್ಲಾ ಬ್ಯಾಸಿಗ್ಯಾಗ ಮತ್ತ ಬರೀಬೇಕು. ಕೆಲವ್ರಿಗೆ ಇದು ಮೂರನೇ ಸಲ. ಕ್ಲಾಸಿಗೆ ಬರೂದs ತಲಿ ತಗ್ಗಿಸಿಕೊಂಡು.

ಅವರ ಕಡೆ ಅಲಂಕಾರದ ಪಟ್ಟಿ ಇರ್ತದ. ಎ-ಫಾರೆಸ್ಟ್ ಅಂತಾರಲ್ಲ, ಒಂದೊಂದ ಅಕ್ಷರಕ್ಕ ಒಂದೊಂದ ತಂತ್ರ, ಅಲಿಟರೇಷನ್, ಫ್ಯಾಕ್ಟ್, ಒಪಿನಿಯನ್, ಎಲ್ಲಾ ಕಂಠಪಾಠ. ಇಲ್ಲದ್ದು ಏನಂದ್ರ ನನಗ ಅನಿಸಿದ್ದು ಬರೀಬಹುದು ಅನ್ನೂ ಧೈರ್ಯ. ಒಬ್ಬ ಹುಡುಗ ಇದ್ದ, ಪ್ಲಂಬಿಂಗಿನವ. ಬಾಡಿಗಿ ಮನಿ ಮಾಲೀಕ ಬರದ ಒಂದ ನೋಟೀಸ್ ನಾನs ತಯಾರು ಮಾಡಿ ಕೊಟ್ಟಿದ್ದೆ, "ದಯವಿಟ್ಟು ನಿಮ್ಮ ಸಹಕಾರ ಬಯಸುತ್ತೇವೆ" ಅನ್ನೂ ಧಾಟಿದು. ಓದಿದವನs ಅಂದ, "ಸರ್, ಇಂವಾ ಸಹಕಾರ ಕೇಳವಲ್ಲ, ಹೆದರಸ್ಲಿಕತ್ತಾನ." ಯಾಕಂದೆ. "ಮುಂದಿನ ಸಾಲಿನ್ಯಾಗ ತಾರೀಖು ಹಾಕ್ಯಾನ ನೋಡ್ರಿ, ದಪ್ಪ ಅಕ್ಷರದಾಗ." ಅಷ್ಟs ಬರಿ ಅಂದೆ. ಬರದ. ಇದs ಉತ್ತರ ಅಂತ ಅವಗ ನಂಬಿಕಿ ಬರಾಕ ಒಂದ ವಾರ ಹಿಡೀತು. ಮುಂದ ಅವ ಗ್ರೇಡ್ 5 ತಗೊಂಡ.

ನೋಟೀಸು, ಕರಪತ್ರ, ಜಾಹೀರಾತು, ದೂರಿನ ಪತ್ರ, ಇವು ಅವರ ದಿನದ ಬದುಕಿನಾಗ ಇರೂವಂಥಾವು. ಅಲ್ಲಿಂದ ಶುರು ಮಾಡ್ರಿ. 19ನೇ ಶತಮಾನಕ್ಕ ಆಮ್ಯಾಲೆ ಹೋಗೋಣಂತ.

ಅಂಗಳದಮಲ್ಲಿಗೆ

ನಾನು ಟೀಚರ್ ಅಲ್ಲ, ತಾಯಿ. ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮಗ ಇಯರ್ 9ರಲ್ಲಿ ಇಲ್ಲಿಗೆ ಬಂದ, ಈಗ ಇಯರ್ 10. ಲೆಕ್ಕ, ವಿಜ್ಞಾನ ಚೆನ್ನಾಗಿದೆ. ಇಂಗ್ಲಿಷ್ ಅಂದರೆ ಕುಗ್ಗಿಹೋಗ್ತಾನೆ. "ಲೇಖಕರ ಟೋನ್ ಏನು ಅಂತ ಕೇಳ್ತಾರೆ ಅಮ್ಮ, ನನಗೆ ಕೇಳಿಸಲ್ಲ" ಅಂದ ಮೊನ್ನೆ. ಡಿಕ್ಷನರಿ ಕೊಡ್ತಾರಾ ಅಂತ ಶಾಲೆಯಲ್ಲಿ ವಿಚಾರಿಸಿದೆ, ಬೇರೆ ಕೆಲವು ವಿಷಯಕ್ಕೆ ಎರಡು ಭಾಷೆಯ ಡಿಕ್ಷನರಿಗೆ ಅವಕಾಶ ಇದ್ದರೂ ಇಂಗ್ಲಿಷ್ ಲ್ಯಾಂಗ್ವೇಜ್ ಪೇಪರಿಗೆ ಇಲ್ಲವಂತೆ. ಮನೇಲಿ ಕನ್ನಡ ಬಿಟ್ಟು ಇಂಗ್ಲಿಷೇ ಮಾತಾಡಿ ಅಂತ ಪರಿಚಯದವರು ಹೇಳ್ತಿದ್ದಾರೆ. ಹಾಗೆ ಮಾಡಬೇಕಾ?

ಹೊಳೆದಂಡೆ

ಬೇಡ ಅಕ್ಕ, ದಯವಿಟ್ಟು ಬೇಡ. ಕನ್ನಡ ಬಿಟ್ಟರೆ ನಿಮ್ಮ ಮಗನಿಗೆ ಇರುವ ದೊಡ್ಡ ಬಲವೇ ಹೋಗುತ್ತೆ.

ಟೋನ್ ಅವನಿಗೆ ಕೇಳಿಸುತ್ತೆ. ರಜಾ ದಿನ ಅವನು ಹನ್ನೊಂದು ಗಂಟೆಗೆ ಎದ್ದು ಬಂದಾಗ ನೀವು "ಓಹೋ, ಸಾಹೇಬರಿಗೆ ಬೆಳಗಾಯ್ತಾ?" ಅಂದರೆ, ಅದು ಗೌರವ ಅಂತ ಅವನು ಅಂದುಕೊಳ್ತಾನಾ? ಬಹಳ ದಿನ ಬರದ ನೆಂಟರಿಗೆ "ಏನಪ್ಪಾ, ದಾರಿ ತಪ್ಪಿ ಬಂದ್ರಾ?" ಅಂದರೆ ವಿಳಾಸ ಕೇಳ್ತಿದ್ದಾರೆ ಅಂದುಕೊಳ್ತಾನಾ? ಪದದ ಅರ್ಥ ಒಂದು, ಆಡಿದವರ ಮನಸ್ಸು ಇನ್ನೊಂದು. ಅದನ್ನ ಹಿಡಿಯೋದು ಅವನಿಗೆ ಹುಟ್ಟಿನಿಂದ ಬಂದಿದೆ. ಇಂಗ್ಲಿಷಲ್ಲಿ ಅದರ ಗುರುತುಗಳು ಬೇರೆ ಜಾಗದಲ್ಲಿ ಇವೆ, ಅಷ್ಟೇ. ನಾವು ಬಹುವಚನ ಹಾಕಿ ಚುಚ್ತೀವಿ, ಇವರು ಅತಿ ವಿನಯದಿಂದ ಚುಚ್ತಾರೆ.

ದಿನಕ್ಕೊಂದು ಪತ್ರಿಕೆ ಲೇಖನ ಅವನು ಇಂಗ್ಲಿಷಲ್ಲಿ ಓದಲಿ, ಅದರ ಬಗ್ಗೆ ನಿಮ್ಮ ಹತ್ತಿರ ಕನ್ನಡದಲ್ಲೇ ಜಗಳ ಆಡಲಿ. ಬರೆದವರ ಮಾತು ಸರಿಯಾ? ಯಾಕೆ ಹೀಗಂದ್ರು? ಯಾರನ್ನ ಒಪ್ಪಿಸೋಕೆ ನೋಡ್ತಿದ್ದಾರೆ? ವಿಚಾರ ಕನ್ನಡದಲ್ಲಿ ಗಟ್ಟಿಯಾಗಲಿ, ಆಮೇಲೆ ಎರಡೇ ವಾಕ್ಯ ಇಂಗ್ಲಿಷಲ್ಲಿ ಬರೆಯಲಿ. ನನ್ನ ತರಗತಿಯ ಪೋಲಿಷ್ ಮಕ್ಕಳಿಗೂ ಇದನ್ನೇ ಹೇಳ್ತೀನಿ, ಮನೇಲಿ ಪೋಲಿಷಲ್ಲೇ ವಾದ ಮಾಡಿ ಬನ್ನಿ ಅಂತ.

ದೀಪದಕಂಬ

19ನೇ ಶತಮಾನದ ಬರಹದ ಬಗ್ಗೆ ಸ್ವಲ್ಪ ಹೇಳಲೇಬೇಕು, ಮಕ್ಕಳು ಹೆದರೋದು ಅದಕ್ಕೇ.

ಕಷ್ಟದ ಪದಗಳಿಗಿಂತ ಸುಲಭದ ಪದಗಳೇ ಅವರನ್ನ ಬೀಳಿಸೋದು. ಕಷ್ಟದ ಪದ ಕಂಡರೆ ಗೊತ್ತಿಲ್ಲ ಅನ್ನೋದಾದರೂ ಗೊತ್ತಿರುತ್ತೆ. ನಾನು ಕೊಟ್ಟ ಒಂದು ಸಾಲಿನಲ್ಲಿ "ದ ವಾಂಟ್ ಆಫ್ ಶೂಸ್" ಅಂತ ಇತ್ತು. ಬಡ ಮಕ್ಕಳ ಕಾಲಲ್ಲಿ ಮೆಟ್ಟಿಲ್ಲ ಅಂತ ಅರ್ಥ, ಅಲ್ಲಿ "ವಾಂಟ್" ಅಂದರೆ ಇಲ್ಲದಿರುವಿಕೆ, ಕೊರತೆ. ಹದಿನೇಳು ಮಕ್ಕಳು "ಅವರಿಗೆ ಶೂಗಳ ಆಸೆ ಇತ್ತು" ಅಂತ ಬರೆದರು. ಇಡೀ ಬರಹದ ಮರುಕ ಅಲ್ಲೇ ಸೋರಿಹೋಯ್ತು. "ಆಫುಲ್" ಪದವೂ ಹಾಗೇ. ಬೆಟ್ಟವನ್ನ ಕಂಡು ಆಫುಲ್ ಅಂದರೆ ಕೆಟ್ಟದ್ದು ಅಂತಲ್ಲ, ಎದೆ ನಡುಗಿಸುವಷ್ಟು ಭವ್ಯ ಅಂತ. ಇಂಥ ಹತ್ತಿಪ್ಪತ್ತು ಪದ ಗೋಡೆಗೆ ಅಂಟಿಸಿದ್ದೀನಿ, ವಾರಕ್ಕೆ ಎರಡು ಸೇರುತ್ತೆ.

ಉದ್ದ ವಾಕ್ಯದ ವಿಚಾರ. ಅರ್ಧವಿರಾಮ ಹಾಕಿಕೊಂಡು ಆರು ಸಾಲು ಹೋಗುತ್ತೆ, ಮುಖ್ಯ ಕ್ರಿಯಾಪದ ಎಲ್ಲೋ ಕೊನೆಯಲ್ಲಿ ಬರುತ್ತೆ. ಇಂಗ್ಲಿಷ್ ಮನೆಮಾತಿನ ಮಕ್ಕಳು ಇಲ್ಲಿ ಕಂಗಾಲಾಗ್ತಾರೆ, ಯಾಕಂದರೆ ಅವರಿಗೆ ಕ್ರಿಯಾಪದ ಬೇಗ ಸಿಕ್ಕಿ ಅಭ್ಯಾಸ. ನಮ್ಮ ಮಕ್ಕಳಿಗೆ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆವರೆಗೂ ಕಾಯೋದು ಹೊಸದೇನಲ್ಲ, ಕನ್ನಡ ನಡೆಯೋದೇ ಹಾಗೆ. ಅಂಗಳದಮಲ್ಲಿಗೆ ಅವರೇ, ನಿಮ್ಮ ಮಗನಿಗೆ ಇದನ್ನ ಹೇಳಿ, ಅವನ ಮುಖ ಅರಳಿದರೂ ಅರಳಬಹುದು. ನಾನು ಮೊದಲು ಕರ್ತೃ ಮತ್ತು ಕ್ರಿಯಾಪದಕ್ಕೆ ಗೆರೆ ಎಳೆಸ್ತೀನಿ: ಯಾರು, ಏನು ಮಾಡಿದರು. ಉಳಿದದ್ದೆಲ್ಲ ಅದಕ್ಕೆ ತೂಗುಹಾಕಿದ್ದು.

ಆ ಕಾಲದ ಹಿನ್ನೆಲೆಯನ್ನೂ ಕತೆಯ ಥರ ಹೇಳ್ತೀನಿ. 1834ರ ಬಡವರ ಕಾಯ್ದೆ ಬಂದ ಮೇಲೆ ನೆರವು ಬೇಕಾದ ಎಷ್ಟೋ ಜನ, ಬಡವರನ್ನ ಇಟ್ಟು ದುಡಿಸೋ ವರ್ಕ್‌ಹೌಸ್ ಸೇರಬೇಕಾಗಿ ಬಂದದ್ದು, ಒಳಗೆ ಗಂಡ, ಹೆಂಡತಿ, ಮಕ್ಕಳನ್ನ ಬೇರೆ ಬೇರೆ ಇಡ್ತಿದ್ದದ್ದು. 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಹೋಗುವಂತಾದದ್ದು. ಸಾಮಾನ್ಯರೂ ಪತ್ರ ಬರೆಯೋಕೆ ಅದು ದಾರಿಮಾಡಿತು. 1841ರಲ್ಲಿ, ಮುಂದೆ ಪ್ರವಾಸದ ಕಂಪನಿ ಕಟ್ಟಿದ ಥಾಮಸ್ ಕುಕ್ ಸುಮಾರು 500 ಜನರನ್ನ ತಲೆಗೆ ಒಂದು ಶಿಲಿಂಗ್‌ನಂತೆ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದುಕೊಂಡು ಹೋದದ್ದು. 1880ರವರೆಗೆ ಇಂಗ್ಲೆಂಡಿನಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಹೋಗಲೇಬೇಕು ಅನ್ನೋ ಕಾನೂನೇ ಇರಲಿಲ್ಲ ಅಂದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತೆ.

ಕೆಂಪುಶಾಯಿ

ದೀಪದಕಂಬ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ಹಿನ್ನೆಲೆ ಓದೋಕೆ ಬೇಕು, ಬರೆಯೋಕೆ ಬೇಡ. ಸಾಹಿತ್ಯದ ಪೇಪರಿನಲ್ಲಿ ಕಾಲ, ಸಮಾಜದ ಬಗ್ಗೆ ಬರೆದರೆ ಅಂಕ ಇದೆ; ಲ್ಯಾಂಗ್ವೇಜ್ ಪೇಪರಿನಲ್ಲಿ ಇಲ್ಲ. "ವಿಕ್ಟೋರಿಯನ್ ಕಾಲದಲ್ಲಿ ಬಡತನ ಹೆಚ್ಚಿತ್ತು" ಅಂತ ಇತಿಹಾಸ ಪಾಠ ಬರೆದವರನ್ನ ಪ್ರತಿ ವರ್ಷ ನೋಡ್ತೀನಿ. ಆ ಅರಿವು ಇದ್ದರೆ ಪಠ್ಯದ ಪದ ಚೆನ್ನಾಗಿ ಅರ್ಥವಾಗುತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು.

ದೀಪದಕಂಬ

ಒಪ್ಪಿದೆ. ಇದನ್ನ ನಾನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ. ನಾಳೆಯೇ ಹೇಳ್ತೀನಿ.

ಗಾಳಿಪಟ17

ಹೋದ ವರ್ಷ ಈ ಪೇಪರ್ ಬರೆದವಳು ನಾನು, ಅಪ್ಪ ಈ ಚರ್ಚೆ ತೋರಿಸಿದ್ರು. ನನ್ನ ಕನ್ನಡ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ.

ನನಗೆ ಸಹಾಯ ಆಗಿದ್ದು ಏನಂದ್ರೆ ನಮ್ಮ ಮಿಸ್ ಐದನೇ ಪ್ರಶ್ನೆಯನ್ನ ಮೊದಲು ಓದೋಕೆ ಹೇಳಿದ್ದು. ಬರೆಯೋಕಲ್ಲ, ಬರೀ ಓದೋಕೆ. ಅದರ ವಿಷಯ ಸಾಮಾನ್ಯವಾಗಿ ಎರಡು ಬರಹಗಳ ವಿಷಯಕ್ಕೆ ಹತ್ತಿರಾನೇ ಇರುತ್ತೆ. ಅದು ತಲೇಲಿದ್ರೆ ಬರಹ ಓದ್ತಾ ಓದ್ತಾನೇ ನಮ್ಮ ಅಭಿಪ್ರಾಯ ಕೂಡ ಬೆಳೆಯುತ್ತೆ. ಕೊನೆಗೆ 45 ನಿಮಿಷ ಅದಕ್ಕೇ ಇಟ್ಟಿದ್ದೆ. ನನ್ನ ಗೆಳತಿ ನಾಲ್ಕನೇದ್ದರಲ್ಲೇ ಮುಳುಗಿ ಕೊನೆಯದಕ್ಕೆ ಇಪ್ಪತ್ತು ನಿಮಿಷ ಉಳಿಸ್ಕೊಂಡ್ಲು, ಹೊರಗೆ ಬಂದು ಅತ್ತುಬಿಟ್ಲು. 40 ಅಂಕ ಅಲ್ವಾ.

ಇನ್ನೊಂದು ಪ್ರಶ್ನೆ. ಲೇಖನದಲ್ಲಿ ಸುಳ್ಳು ಅಂಕಿಅಂಶ ಹಾಕಿ, "97% ಜನ ಹೀಗಂತಾರೆ" ಅಂತ, ನಡೆಯುತ್ತೆ ಅಂತ ಕೆಲವರು ಹೇಳ್ತಾರೆ. ನಾನು ಹಾಕಲಿಲ್ಲ, ಇಷ್ಟ ಆಗಲಿಲ್ಲ. ತಪ್ಪು ಮಾಡಿದ್ನಾ?

ಹಳೇಪೆನ್ಸಿಲ್

ತಪ್ಪೇನೂ ಮಾಡಲಿಲ್ಲ ಮಗಳೇ. ಕನ್ನಡವೂ ಚೆನ್ನಾಗಿದೆ.

ಮಾವಿನಕೊಪ್ಪ

ನಾ ಹಾಕ್ರಿ ಅಂತೀನಿ ರೀ. ಖಾಲಿ ಹಾಳಿ ನೋಡಕೋತ ಕೂಡೂ ಹುಡುಗಗ ಒಂದ ಸಂಖ್ಯಾ ಕೊಟ್ರ ಅದರ ಸುತ್ತ ನಾಕ ಸಾಲು ಬರೀತಾನ. ಪರೀಕ್ಷಾದಾಗ ಯಾರೂ ಲೆಕ್ಕ ತಪಾಸ ಮಾಡೂದಿಲ್ಲ.

ಕೆಂಪುಶಾಯಿ

ತಪಾಸಣೆ ಮಾಡಲ್ಲ ನಿಜ, ಆದರೆ ನಂಬಿಕೆ ಬರಲ್ಲ, ಅದು ಅಂಕದಲ್ಲಿ ಕಾಣುತ್ತೆ. ಐದನೇ ಪ್ರಶ್ನೆಯಲ್ಲಿ ವಿಷಯ ಮತ್ತು ಜೋಡಣೆಗೆ 24, ಭಾಷಾಶುದ್ಧಿಗೆ 16. ಆ 24ರಲ್ಲಿ ನಾನು ನೋಡೋದು ಓದುಗರನ್ನ ಒಪ್ಪಿಸೋ ಧ್ವನಿ ಇದೆಯಾ ಅಂತ. "ಒಂದು ವಿಶ್ವವಿದ್ಯಾಲಯದ ಪ್ರಕಾರ 97%" ಅನ್ನೋದು ಒಂದು ದಿನದಲ್ಲಿ ಅರವತ್ತು ಸಲ ಕಣ್ಣಿಗೆ ಬೀಳುತ್ತೆ. ಹೋದ ಬೇಸಿಗೆ ಒಂದು ಮಗು, ಮೊಬೈಲ್ ನಿಷೇಧದ ವಿರುದ್ಧ ವಾದಿಸ್ತಾ, ಅಜ್ಜಿ ಆಸ್ಪತ್ರೆಯಲ್ಲಿದ್ದ ದಿನ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಅಮ್ಮನ ಮೆಸೇಜು ಓದಿದ್ದನ್ನ ಮೂರು ಸಾಲಲ್ಲಿ ಬರೆದಿತ್ತು. ನೂರಾರು ಉತ್ತರ ನೋಡಿದ ಮೇಲೂ ಅದು ಮರೆತಿಲ್ಲ.

ಮಾವಿನಕೊಪ್ಪ ಸರ್, ನಿಮ್ಮ ಹುಡುಗನಿಗೆ ಸಂಖ್ಯೆಯ ಬದಲು ಒಂದು ಬೆಳಗ್ಗೆ ಕೊಡಿ. "ಹೋದ ಮಂಗಳವಾರ ಬೆಳಗ್ಗೆ..." ಅಂತ ಶುರು ಮಾಡಿಸಿ.

ಮಾವಿನಕೊಪ್ಪ

ಇದು ಛಲೋ ಆತು. ಮಾಡಿ ನೋಡತೀನಿ.

ತಂಗಾಳಿ

ನಮ್ಮದು ಎಡುಕಾಸ್ ಬೋರ್ಡ್. ಅಲ್ಲಿ ಎರಡನೇ ಕಾಂಪೊನೆಂಟ್ ಈ ನಾನ್-ಫಿಕ್ಷನ್ ಪೇಪರ್, 2 ಗಂಟೆ, 60% ತೂಕ, ಬರವಣಿಗೆಗೆ ಎರಡು ಪ್ರಶ್ನೆ, ತಲಾ 20 ಅಂಕ. ಅರ್ಧ ಗಂಟೆಗೆ ಒಂದು ಅಂದರೆ ಪತ್ರ ಬರೆದು ಮುಗಿಸಿ ತಕ್ಷಣ ವರದಿಯ ಧಾಟಿಗೆ ಹೊರಳಬೇಕು. ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ನಮಗೂ ಹೊಂದುತ್ತೆ, ಆದರೆ ಸಮಯದ ಲೆಕ್ಕ ಬೋರ್ಡಿನಿಂದ ಬೋರ್ಡಿಗೆ ಬೇರೆ. ಯೂಟ್ಯೂಬ್ ವಿಡಿಯೋ ನೋಡಿ ಬೇರೆ ಬೋರ್ಡಿನ ಲೆಕ್ಕ ಕಲಿತು ಬಂದ ಮಕ್ಕಳು ನನ್ನ ತರಗತಿಯಲ್ಲೇ ಮೂರು ಜನ ಇದ್ದರು. ತಂದೆ ತಾಯಂದಿರು ಮೊದಲು ಬೋರ್ಡ್ ಯಾವುದು ಅಂತ ನೋಡಿಕೊಳ್ಳಿ.

ಹೊಳೆದಂಡೆ

ಎಲ್ಲರಿಗೂ ಮನಸಾರೆ ಧನ್ಯವಾದ. ಗುರುವಾರದ ಪಾಠದ ವಿಷಯ ಹೇಳ್ತೀನಿ.

ಹೈಲೈಟರ್ ಎಲ್ಲಾ ಒಂದು ಡಬ್ಬಿಗೆ ಹಾಕಿಸಿದೆ. ಹಿಂದಿನ ರಾತ್ರಿ ಕೂತು 1860ರ ಸುಮಾರಿನ ಧಾಟಿಯಲ್ಲಿ ನಾನೇ ಒಂದು ಪತ್ರ ಬರೆದಿದ್ದೆ, ಸಮುದ್ರ ತೀರದ ಊರಿನ ನಿವಾಸಿಯೊಬ್ಬರು ಪತ್ರಿಕೆಯ ಸಂಪಾದಕರಿಗೆ ಬರೆದಂತೆ: ಭಾನುವಾರದ ರೈಲಿನಲ್ಲಿ ಜನ ಬಂದು ತುಂಬಿಕೊಳ್ತಾರೆ ಅಂತ ದೂರು. ಜೊತೆಗೆ ಈ ಕಾಲದ ಪ್ರವಾಸಿ ಬರಹದ ಒಂದು ತುಣುಕು. ಗಟ್ಟಿಯಾಗಿ ಓದಿದೆ. "ಇವರಿಗೆ ಏನಾಗಿದೆ?" ಅಂದೆ. ಸಿಟ್ಟು, ಸಿಟ್ಟು, ಸಿಟ್ಟು ಅಂತ ಸುತ್ತಲೂ ಬಂತು. ಕಿಟಕಿ ಪಕ್ಕ ಕೂರುವ ಒಬ್ಬ ಹುಡುಗಿ, ವರ್ಷದಲ್ಲಿ ನಾಲ್ಕು ಮಾತು ಆಡಿದ್ದರೆ ಹೆಚ್ಚು, ಕೈ ಎತ್ತಿದಳು. "ಅವರಿಗೆ ಸಿಟ್ಟಿಲ್ಲ ಮಿಸ್. ಹೆದರಿಕೆ." ಯಾಕೆ ಅಂದೆ. "ಮೊದಲು 'ನಮ್ಮ ಅತಿಥಿಗಳು' ಅಂತಾರೆ. ಆಮೇಲೆ 'ಈ ಜನ'. ಕೊನೆಗೆ 'ಅವರು' ಅಷ್ಟೇ. ಊರು ತನ್ನ ಕೈ ತಪ್ಪಿ ಹೋಗ್ತಿದೆ ಅಂತ ಅವರಿಗೆ ಅನ್ನಿಸ್ತಿದೆ."

ಬರೆದವಳು ನಾನು, ನನಗೇ ಅದು ಕಂಡಿರಲಿಲ್ಲ. ಪದಗಳು ಹಾಗೆ ಬಂದಿದ್ದವು.

ಆಮೇಲೆ ಒಂದೇ ಪ್ಯಾರಾ ಬರೆಸಿದೆ. 28ರಲ್ಲಿ 19 ಜನ ಲೇಖಕರ ಮನಸ್ಸಿನಿಂದ ಶುರು ಮಾಡಿದ್ದಾರೆ. ಒಂಬತ್ತು ಜನ ಮತ್ತೆ "ಲೇಖಕರು ರೆಟರಿಕಲ್ ಕ್ವೆಶ್ಚನ್ ಬಳಸಿದ್ದಾರೆ" ಅಂತಲೇ. ಅವರ ಜೊತೆ ಮಂಗಳವಾರ ಊಟದ ಬಿಡುವಿನಲ್ಲಿ ಕೂರ್ತೀನಿ, ಮಾವಿನಕೊಪ್ಪ ಸರ್ ಹೇಳಿದ ನೋಟೀಸಿನ ಉಪಾಯ ಇಟ್ಟುಕೊಂಡು.

ಹಳೇಪೆನ್ಸಿಲ್

ಆ ಒಂಬತ್ತು ಜನರಿಂದ ಬರೆಸಬೇಡಿ ಮೇಡಂ. ಬರೀ ಮಾತಾಡಿಸಿ, ಅವರು ಆಡಿದ್ದನ್ನ ನೀವು ಬೋರ್ಡಿನ ಮೇಲೆ ಬರೀರಿ. ತಮ್ಮ ಮಾತು ಉತ್ತರದ ರೂಪದಲ್ಲಿ ಒಮ್ಮೆ ಕಣ್ಣಿಗೆ ಬೀಳಲಿ.

ಅಂಗಳದಮಲ್ಲಿಗೆ

ಹೊಳೆದಂಡೆ ಅವರೇ, ಆ ರೈಲಿನ ಪತ್ರ ಇಲ್ಲಿ ಹಾಕ್ತೀರಾ? ನಿನ್ನೆ ರಾತ್ರಿ "ಸಾಹೇಬರಿಗೆ ಬೆಳಗಾಯ್ತಾ" ಉದಾಹರಣೆ ಮಗನಿಗೆ ಹೇಳಿದೆ. ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ರೆ ಆ ಲೇಖಕಿ ಮೇಯರನ್ನ ಹೊಗಳ್ತಾ ಇರಲಿಲ್ವಾ?" ಅಂತ ಕೇಳಿ ಶಾಲೆಯ ಹಾಳೆ ತೆಗೆದು ಮತ್ತೆ ಓದೋಕೆ ಕೂತ.

ಹೊಳೆದಂಡೆ

ಖಂಡಿತ ಹಾಕ್ತೀನಿ ಅಕ್ಕ. ಎರಡು ಕಡೆ ಅಲ್ಪವಿರಾಮ ತಪ್ಪಿದೆ, ತಿದ್ದಿ ಇವತ್ತು ರಾತ್ರಿಯೇ ಹಾಕ್ತೀನಿ. ಅವನ ಅಂಚಿನ ಪದಗಳು ಏನು ಬಂದವು ಅಂತ ನನಗೆ ಹೇಳಿ.